ಸದ್ದು ಮಾಡಿದ ಬೂದಿ

ಒಲೆಯ ಬೂದಿಗೆ ನೀರು ಚಿಮುಕಿಸಿದಾಗ ಏಳುವ ವಾಸನೆಯೊಂದಿದೆ. ಚಿಕ್ಕಂದಿನಲ್ಲಿ ಕಣ್ಣು ಬಿಡುವ ಮೊದಲೇ ಅದು ನನ್ನ ಮೂಗಿಗೆ ಬರುತ್ತಿತ್ತು. ಅಜ್ಜಿ ಬೂದಿ ತೆಗೆಯುವ ಮುಂಚೆ ಅಂಗೈಯಲ್ಲಿ ನೀರು ತುಂಬಿಕೊಂಡು ಬೆರಳ ಸಂದಿಯಿಂದ ಸಿಡಿಸುತ್ತಿದ್ದಳು. ಒಲೆಯ ಪಕ್ಕದಲ್ಲೇ ಮಲಗಿದ್ದ ಮೊಮ್ಮಕ್ಕಳ ಮೂಗಿಗೆ ಬೂದಿ ಹಾರಬಾರದೆಂದು. ಅರ್ಧ ಹೊಸ ಮಳೆಯದು, ಅರ್ಧ ಸುಟ್ಟ ಕಟ್ಟಿಗೆಯದು, ಅಂಥ ವಾಸನೆ.

ಇಷ್ಟು ವರ್ಷಗಳ ಮೇಲೆ ಅದೇ ವಾಸನೆ ಭರಣಿ ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿ ಬಂತು. ಎಲ್ಲಿಂದ ಎಂದು ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಅಗುಳಿ ಬಿತ್ತು.

"ಗಾಳಿ ಇರಬೇಕು," ಎಂದಳು ಅಕ್ಕ.

ಗಾಳಿ ಬಾಗಿಲು ಮುಚ್ಚಬಹುದು, ಅಗುಳಿ ಹಾಕುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ನನ್ನ ಮುಖ ನೋಡದೆ ಹೋಗಿ ಬಾಗಿಲನ್ನು ಒಮ್ಮೆ ಭುಜದಿಂದ ನೂಕಿದಳು. ಅದು ಮಿಸುಕಲಿಲ್ಲ.

ಅಕ್ಕ ಎಂದರೆ ಈ ಕಾರ್ಖಾನೆಯ ಯಜಮಾನರ ಒಬ್ಬಳೇ ಮಗಳು. ಅವಳಿಗಿಂತ ಹಿರಿಯ ಕೆಲಸಗಾರರೂ ಅವಳನ್ನು ಹಾಗೆಯೇ ಕರೆಯುತ್ತಾರೆ. ನನಗೆ ಅವರಿಟ್ಟ ಹೆಸರು ಕನ್ನಡಕದಮ್ಮ. ಬೆಂಕಿ ವಿಮೆಯ ಕಚೇರಿಯಲ್ಲಿ ಸುಟ್ಟ ಅಂಗಡಿ, ಸುಟ್ಟ ಗೋದಾಮುಗಳ ಬೂದಿ ಕೆದಕಿ ನಿವೃತ್ತಳಾದವಳು ನಾನು. ಈಗಲೂ ಯಾರಾದರೂ ಕೈ ಹಿಡಿದು ಕೇಳಿಕೊಂಡರೆ ಇಲ್ಲವೆನ್ನಲು ಬರುವುದಿಲ್ಲ.

ಈ ಸಲ ಕೈ ಹಿಡಿದವಳು ಗೂಡಿಗೆ ಬೆಂಕಿ ಕೊಡುವ ಹಿರಿಯರ ಹೆಂಡತಿ; ಅವರನ್ನು ಇಲ್ಲಿ ಎಲ್ಲರೂ ಗೂಡಿನ ಮಾವ ಎನ್ನುತ್ತಾರೆ. ಕಾರ್ಖಾನೆಯ ಅಡುಗೆಮನೆ ಅವಳದು. ಆದ್ದರಿಂದ ಅವಳು ಎಲ್ಲರಿಗೂ ಅತ್ತೆ. ಭರಣಿ ಸುಡುವ ದೊಡ್ಡ ಗೂಡಿನೊಳಗೆ ಯಜಮಾನರು ಇನ್ನೂ ಇರುವಾಗಲೇ ಅವಳ ಗಂಡ ಹೊರಗಿನಿಂದ ಬಾಗಿಲು ಹಾಕಿ ಬೆಂಕಿ ಕೊಟ್ಟರೆಂಬುದು ಆಪಾದನೆ. ಗೂಡು ತಣಿದ ಮೇಲೆ ನೆಲದ ಮೇಲೆ ಸಿಕ್ಕಿದ್ದು ಒಂದು ಗುಡ್ಡೆ ಬಿಳಿ ಬೂದಿ, ಸೊಟ್ಟಗಾದ ಕನ್ನಡಕದ ಚೌಕಟ್ಟು, ಒಂದು ಬೆಲ್ಟಿನ ಕೊಂಡಿ. ಪೊಲೀಸರ ವೈದ್ಯರು ಬೂದಿಯನ್ನು ಒಂದು ಚಿಟಿಕೆ ತೆಗೆದುಕೊಂಡು ಹೋಗಿ, ಮೂಳೆಯದು ಹೌದು, ಅಷ್ಟು ಕಾವಿನಲ್ಲಿ ಬೆಂದ ಮೇಲೆ ಯಾರದೆಂದು ಹೇಳಲಾಗುವುದಿಲ್ಲ ಎಂದು ಬರೆದುಕೊಟ್ಟರು.

ಕಷ್ಟವೇನೆಂದರೆ, ಮಾವನೇ ಅದನ್ನು ನಂಬಿಬಿಟ್ಟಿದ್ದರು. ಅಗುಳಿ ಹಾಕುವ ಮುಂಚೆ ಗೂಡಿನೊಳಗೆ ತಲೆ ಹಾಕಿ "ಯಾರಾದ್ರೂ ಇದ್ದೀರಾ?" ಎಂದು ಕೂಗುವುದು ಅವರ ಜೀವಮಾನದ ಅಭ್ಯಾಸ. ಆ ದಿನ ಕೂಗಿದೆನೋ ಇಲ್ಲವೋ ನೆನಪಾಗುತ್ತಿಲ್ಲ ಎಂದು ಲಾಕಪ್ಪಿನ ಗೋಡೆಗೆ ಹಣೆ ಹಚ್ಚಿ ಕುಳಿತಿದ್ದರು. ಇಂದು ಊಟದ ಬಿಡುವು ಮುಗಿದು ನ್ಯಾಯಾಲಯ ಮತ್ತೆ ಕೂತಾಗ, ಕೊಂದದ್ದು ನಾನೇ ಎಂದು ಹೇಳಿಬಿಡುವವರಿದ್ದರು. ಅವರ ಬಾಯಿಂದ ಆ ಮಾತು ಹೊರಡುವ ಮೊದಲು ನಾನು ಅಲ್ಲಿರಬೇಕಿತ್ತು.

ಆದರೆ ನಾನು ಇಲ್ಲಿದ್ದೆ.

ಕೂಗಿದರೆ ಕೇಳುವವರಿರಲಿಲ್ಲ. ಮಾವ ಒಂಟಿಯಾಗಿ ನಿಲ್ಲಬಾರದೆಂದು ಕೆಲಸಗಾರರೆಲ್ಲ ಅತ್ತೆಯ ಜೊತೆ ನ್ಯಾಯಾಲಯಕ್ಕೆ ಹೋಗಿದ್ದರು. ಅಕ್ಕನ ಫೋನು ಕಚೇರಿಯ ಮೇಜಿನ ಮೇಲಿತ್ತು. ನನ್ನದು ಕೈಚೀಲದಲ್ಲಿ, ಕೈಚೀಲವೂ ಅದೇ ಮೇಜಿನ ಮೇಲೆ. ಜೊತೆಗೆ ನಮ್ಮಿಬ್ಬರ ಬುದ್ಧಿಯನ್ನೂ ಅಲ್ಲೇ ಇಟ್ಟು ಬಂದಿದ್ದೇವೆ ನೋಡು ಎಂದೆ. ಅವಳು ನಗಲು ಪ್ರಯತ್ನಪಟ್ಟಳು.

ಕೋಣೆಗೆ ಕಿಟಕಿಯಿಲ್ಲ. ಚಾವಣಿಯ ದಪ್ಪ ಗಾಜಿನ ಹೆಂಚಿನಿಂದ ಹಾಲುಹಾಲಾದ ಬೆಳಕು ಬೀಳುತ್ತದೆ. ದೊಡ್ಡ ಗೂಡಿಗೆ ಪೊಲೀಸರು ಬೀಗ ಹಾಕಿದ್ದರು. ಸಣ್ಣ ಗೂಡು ಬೆಳಗಿನವರೆಗೂ ಉರಿದಿತ್ತು. ಅದರ ಬಿಸಿಯೆಲ್ಲ ಗೋಡೆಯ ಕೊಳವೆಗಳಲ್ಲಿ ಹರಿದು ಇಲ್ಲಿಗೇ ಬರುತ್ತದೆ. ಸೊಂಟದೆತ್ತರಕ್ಕೆ ಒಂದು ಮರದ ಕಿಂಡಿಯಿದೆ. ಹಸಿ ಭರಣಿಗಳ ಹಲಗೆಯನ್ನು ಆಚೆಯ ಕೋಣೆಯಿಂದ ದಾಟಿಸಲು ಇಟ್ಟದ್ದು; ಆಚೆಯದು ಈಗ ಮಣ್ಣಿಗೆ ಬೆರೆಸುವ ಪುಡಿಗಳ ಕೋಣೆ. ಅದರ ಚಿಲಕವೂ ಆಚೆಗೇ.

ಅಕ್ಕ ಒಂದು ಬೋಗುಣಿಯನ್ನು ಬೋರಲು ಹಾಕಿದಳು. ತನ್ನ ಏಪ್ರನ್ ಬಿಚ್ಚಿ ಮಡಿಸಿ ಅದರ ಮೇಲೆ ಹಾಸಿ, ಕೂತ್ಕೊಳ್ಳಿ ಅಮ್ಮ ಎಂದಳು. ಏಪ್ರನ್ನಿನ ಮಣ್ಣು ಮೆತ್ತಿದ ಮಗ್ಗುಲನ್ನು ಕೆಳಗೆ ಮಾಡಿ ಹಾಸಿದ್ದಳು. ನನ್ನ ಸೀರೆಗೆ ಕೊಳೆಯಾಗಬಾರದೆಂದು ಯೋಚಿಸುವಷ್ಟು ಪುರುಸೊತ್ತು ಆ ಗಳಿಗೆಯಲ್ಲೂ ಅವಳಿಗಿತ್ತು. ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಚಾಚಿದಾಗ, ಬೇಡ ತಾಯಿ, ಗಟ್ಟಿಯಾದದ್ದೇನೂ ಆಗದು, ಬ್ರೆಡ್ಡಿನ ಅಂಚು ಸಹ ನೆನೆಸಿ ತಿನ್ನುವ ಹಲ್ಲು ನನ್ನದು ಎಂದೆ.

ನಮ್ಮ ಸುತ್ತ ಹಲಗೆಗಳ ಮೇಲೆ ಹಸಿ ಭರಣಿಗಳು ಸಾಲಾಗಿ ಕುಳಿತಿದ್ದವು. ತಳದಲ್ಲಿ ನಲ್ಲಿಗೆ ತೂತು ಬಿಟ್ಟ ಚಹಾ ಭರಣಿಗಳು. ಮದುವೆ ಮನೆಗೂ ಸಾವಿನ ಮನೆಗೂ ಅವೇ ಹೋಗುತ್ತವೆ. ಗೆದ್ದವರು ತಲೆಯ ಮೇಲೆತ್ತಿ ಹಿಡಿಯುವ ಎರಡು ಕಿವಿಯವು. ಕೈ ತೂರುವಷ್ಟು ಬಾಯಿ ಅಗಲವಾದ, ಚೀಟಿ ಎತ್ತುವ ಭರಣಿಗಳು. ಸಂಘದ ಕಾರ್ಯದರ್ಶಿಯನ್ನು ಆರಿಸುವುದಕ್ಕೂ, ಬೀದಿಯಲ್ಲಿ ಮೊದಲು ಯಾರ ಮನೆಗೆ ನೀರು ಬಿಡಬೇಕೆಂಬ ಜಗಳ ಮುಗಿಸುವುದಕ್ಕೂ. ಉಪ್ಪಿಗೆ, ಎಣ್ಣೆಗೆ, ಗೇಟಿನ ಕಂಬದ ಮೇಲಿನ ಹೂವಿಗೆ. ಕೊನೆಯ ಹಲಗೆಯ ಮೇಲೆ ಬೂದಿ ಭರಣಿಗಳು.

"ಕುತ್ತಿಗೆವರೆಗೆ ಎಲ್ಲಾ ಒಂದೇ ಅಮ್ಮ," ಎಂದಳು ಅಕ್ಕ, ನಾನು ನೋಡುವುದನ್ನು ನೋಡಿ. "ಅಪ್ಪ ಒಂದೇ ಹೊಟ್ಟೆ ಮಾಡೋರು. ಮುಚ್ಚಳ ಕೂತ ಮೇಲೇನೇ ಅದು ಚಹಾದ್ದೋ ಸಾವಿನ್ದೋ ಗೊತ್ತಾಗೋದು."

ಬೂದಿ ಭರಣಿಗಳ ಪಕ್ಕ ಅಂಗೈಯಲ್ಲಿ ಕೂರುವಂಥ ಕೆಲವು ಪುಟ್ಟವಿದ್ದವು. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಸುಟ್ಟು ಮುಗಿದಿದ್ದ ಒಂದನ್ನು ಎತ್ತಿ ಒಳಗೆ ನೋಡಿದೆ. ಹೊರಗೆ ಬರೀ ಬಿಳಿ. ಒಳಗೆ ಆಕಾಶದ ನೀಲಿ. ಮುಚ್ಚಳ ಹಾಕಿದ ಮೇಲೆ ಯಾರೂ ಕಾಣದ ಜಾಗಕ್ಕೆ ಯಾಕಪ್ಪ ಬಣ್ಣ ಎಂದು ಅವಳು ಚಿಕ್ಕವಳಿದ್ದಾಗ ಕೇಳಿದ್ದಳಂತೆ. ಒಳಗಿರೋ ಮಗುಗೆ ಕಾಣಬೇಡ್ವಾ ಎಂದಿದ್ದರಂತೆ ಯಜಮಾನರು.

ನಾನು ಅವರನ್ನು ಕಂಡವಳಲ್ಲ. ಅವರು ಹೋದ ಮೇಲೆ ಈ ಕಾರ್ಖಾನೆಗೆ ಬಂದವಳು. ಆದರೂ ಅವರ ಒಂದೊಂದೇ ಕೆಲಸವನ್ನು ಇಲ್ಲಿಯವರು ನನಗೆ ಹೇಳುತ್ತ ಬಂದಿದ್ದರು. ಅತ್ತೆ ಹೇಳಿದ್ದು ಚಹಾದ ಲೋಟದ ವಿಷಯ. ಯಾರಿಗೆ ಬಿಸಿ ಪಾತ್ರೆ ಕೊಟ್ಟರೂ ಅವರು ಹಿಡಿಕೆಯಿರುವ ಕಡೆಯನ್ನು ಎದುರಿನವರಿಗೆ ತಿರುಗಿಸಿ, ಸುಡುವ ಕಡೆಯನ್ನು ತಾವೇ ಹಿಡಿದು ಕೊಡುತ್ತಿದ್ದರಂತೆ. ಇದನ್ನು ಹೇಳುವಾಗ ಅವಳು ಸೌಟು ಕೆಳಗಿಟ್ಟು ಕಣ್ಣೊರೆಸಿಕೊಂಡಿದ್ದಳು.

ಭರಣಿಗಳಿಗೆ ಮೆರುಗು ಹಚ್ಚುವವನು ಹೇಳಿದ್ದು ನೀರಿನ ವಿಷಯ. ಯಜಮಾನರ ತಂದೆ ಪುಡಿಯ ಧೂಳು ಕುಡಿದು ಕುಡಿದು, ಕೊನೆಗೆ ಉಸಿರಿಗೆ ಒದ್ದಾಡಿ ಹೋದರು. ಅಂದಿನಿಂದ ಇಲ್ಲಿ ಒಣ ಪುಡಿಗೆ ಯಾರೂ ಕೈ ಹಾಕುವಂತಿಲ್ಲ. ಮೂಳೆ ಬೂದಿಯಾಗಲಿ, ಕಲ್ಲಿನ ಪುಡಿಯಾಗಲಿ, ಮೊದಲು ನೀರು ಚಿಮುಕಿಸು, ಆಮೇಲೆ ಮುಟ್ಟು. ಈಗ ಅದು ನಿಯಮವಾಗಿ ಉಳಿದಿಲ್ಲ, ಕೈಗೇ ಅಂಟಿಬಿಟ್ಟಿದೆ ಎಂದಿದ್ದ ಅವನು.

ನಾನು ಎದ್ದು ಕೊನೆಯ ಹಲಗೆಯ ಮೇಲೆ ಬಟ್ಟೆ ಹೊದಿಸಿಟ್ಟಿದ್ದ ಭರಣಿಯ ಹತ್ತಿರ ಹೋದೆ.

ಯಜಮಾನರ ಭರಣಿ ಅದು. ಮನೆಯಲ್ಲಿಟ್ಟುಕೊಳ್ಳಲು ಧೈರ್ಯ ಸಾಲದೆ, ಎಲ್ಲೋ ಚೆಲ್ಲಲು ಮನಸ್ಸೂ ಬಾರದೆ, ಅವರೇ ಮಾಡಿದ ಭರಣಿಗಳ ನಡುವೆ ಇರಲಿ ಎಂದು ಮಗಳು ತಂದಿಟ್ಟಿದ್ದಳು. ಗೂಡಿನ ನೆಲದಿಂದ ಬೂದಿಯನ್ನು ಗುಡಿಸಿ ತುಂಬಿದವನು ಅವಳ ಗಂಡ. ಪೊಲೀಸರು ಅಲ್ಲೇ ನಿಂತು ಮುಚ್ಚಳಕ್ಕೆ ಅರಗಿನ ಮುದ್ರೆ ಹಾಕಿಸಿದ್ದರು. ಬಾಗಿಲು ಮುಚ್ಚಿಕೊಳ್ಳುವ ಮೊದಲು ನಾನು ಅದನ್ನು ಒಮ್ಮೆ ಎತ್ತಿ ಇಟ್ಟಿದ್ದೆ. ಈಗ ಮತ್ತೆ ಎತ್ತಿ ನಿಧಾನವಾಗಿ ವಾಲಿಸಿದೆ.

ಒಳಗೆ ಏನೋ ಉರುಳಿ ಗೋಡೆಗೆ ತಾಗಿತು. ಟಕ್ ಎಂದಿತು.

ನಾನು ಬಹಳ ಬೂದಿ ನೋಡಿದ್ದೇನೆ. ಅದು ಜಾರುತ್ತದೆ, ಹಾರುತ್ತದೆ, ಅಂಟುತ್ತದೆ. ಟಕ್ ಎನ್ನುವುದಿಲ್ಲ.

"ಮುಚ್ಚಳ ತೆಗಿಬೇಕು ತಾಯಿ," ಎಂದೆ.

"ಬೇಡ."

"ನಾನು ತೆಗೆಯಲ್ಲ. ನೀನೇ ತೆಗಿ. ಆ ಹಕ್ಕು ನಿಂದು."

ಅವಳು ಬಂದು ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ತೆರೆಯಲು ಅಲ್ಲ. ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಳು. ಬಿಸಿ ಗೋಡೆ, ಬೆನ್ನು ಸುಟ್ಟಿರಬೇಕು, ಆದರೂ ಕದಲಲಿಲ್ಲ.

"ಮಾವ ಒಪ್ಕೊಂಡುಬಿಡ್ಲಿ ಅಮ್ಮ," ಎಂದಳು. "ಗೊತ್ತಿಲ್ದೆ ಆದ ತಪ್ಪು ಅಂತ ಜಡ್ಜ್ ಸಾಹೇಬ್ರಿಗೂ ಗೊತ್ತಾಗುತ್ತೆ. ವಯಸ್ಸಾದೋರು. ಶಿಕ್ಷೆ ಕಮ್ಮಿ ಮಾಡ್ತಾರೆ. ಅತ್ತೇನ ನಾನು ನೋಡ್ಕೋತೀನಿ, ತಾಯಿ ಥರ ನೋಡ್ಕೋತೀನಿ. ನೀವು ಇನ್ನು ಕೆದಕಬೇಡಿ. ಇದನ್ನ ಹೇಳೋಕ್ಕೇ ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದೆ."

ಆ ಮಾವನ ಹೆಗಲ ಮೇಲೆ ಕೂತು ಅವಳು ಈ ಕಾರ್ಖಾನೆಯನ್ನು ಮೊದಲು ನೋಡಿದ್ದು. ಗೂಡಿನ ಬೂದಿಯಲ್ಲಿ ಆಲೂಗಡ್ಡೆ ಸುಟ್ಟು, ಊದಿ ಊದಿ ಆರಿಸಿ ಬಾಯಿಗಿಡುತ್ತಿದ್ದವರು ಅವರು. ಇದನ್ನು ಅವಳೇ ನನಗೆ ಹೇಳಿದ್ದಳು. ಅಂಥವರನ್ನು ಜೈಲಿಗೆ ಕಳಿಸುವ ಮಾತು ಅವಳ ಬಾಯಲ್ಲಿ ಬರಬೇಕಾದರೆ, ಅದಕ್ಕಿಂತ ದೊಡ್ಡದೊಂದು ಹೆದರಿಕೆ ಹಿಂದೆ ನಿಂತಿರಬೇಕು.

ಯಾರನ್ನು ಕಾಪಾಡುತ್ತಿದ್ದೀಯ ಎಂದು ಕೇಳಿದೆ.

ಸೆಕೆಗೆ ಅವಳ ಹಣೆಯಿಂದ ಬೆವರು ಇಳಿದು ಭರಣಿಯ ಮೇಲೆ ಬೀಳುತ್ತಿತ್ತು. ನನಗೂ ಉಸಿರು ಕಟ್ಟತೊಡಗಿತ್ತು. ಈ ಕೋಣೆಯ ಕೆಲಸವೇ ಹಸಿಯಾದದ್ದರಿಂದ ನೀರು ಹೀರುವುದು. ಅದಕ್ಕೆ ಮಣ್ಣೂ ಒಂದೇ, ಮುದುಕಿಯೂ ಒಂದೇ. ಬೋಗುಣಿಯ ಮೇಲೆ ಮತ್ತೆ ಕುಳಿತೆ. ಅವಳು ನನ್ನ ಮುಖ ನೋಡಿ, ಭರಣಿಯನ್ನು ಕಂಕುಳಲ್ಲಿಟ್ಟುಕೊಂಡೇ ಮೂಲೆಯ ಸಿಂಪಡಿಸುವ ಡಬ್ಬಿ ತಂದಳು. ನನ್ನ ಕನ್ನಡಕ ಬಿಡಿಸಿ, ಹಣೆಗೂ ಕುತ್ತಿಗೆಗೂ ತಣ್ಣಗೆ ನೀರು ಚಿಮುಕಿಸಿ, ಕನ್ನಡಕವನ್ನು ಒರೆಸಿ ಮತ್ತೆ ಹಾಕಿದಳು. ಇನ್ನು ಕೆದಕಬೇಡಿ ಎಂದು ನನಗೆ ಹೇಳಿದವಳೇ.

ಹಾಗೆ ಮಾಡಿದ ಮೇಲೆ ಅವಳಿಂದ ತಡೆಯಲಾಗಲಿಲ್ಲ. ಕೆಳಗೆ ನೆಲದ ಮೇಲೆ ನನ್ನ ಪಾದದ ಹತ್ತಿರ ಕುಳಿತು ಹೇಳಿದಳು.

ಬೆಂಕಿ ಕೊಟ್ಟ ದಿನದ ಹಿಂದಿನ ಸಂಜೆ ಅಪ್ಪನಿಗೂ ಅವಳ ಗಂಡನಿಗೂ ಜೋರು ಮಾತಾಗಿತ್ತು. ಚಕ್ರ ನಿಲ್ಲಿಸಿ ಅಚ್ಚಿನ ಯಂತ್ರ ತರೋಣ ಎಂದು ಅಳಿಯ, ನನ್ನ ಕೈ ಆಡುವವರೆಗೆ ಬೇಡ ಎಂದು ಅಪ್ಪ. ಅಳಿಯ ಕಚೇರಿಯ ಮನುಷ್ಯ. ಮಣ್ಣು ಮುಟ್ಟಿದವನಲ್ಲ, ಬೂಟಿಗೆ ಕೆಸರು ತಾಗಿದರೆ ಮುಖ ಕಿವುಚುವವನು. ಮರುದಿನ ಅವನು ಮಧ್ಯಾಹ್ನ ಮನೆಗೆ ಬಂದಾಗ ಅಂಗಿಯ ತುಂಬ ಬಿಳಿ ಪುಡಿ. ತೋಳು, ಎದೆ, ಕಾಲರಿನೊಳಗೆ ಸಹ. ಏನಿದು ಎಂದರೆ ಗೋಡೆಗೆ ಒರಗಿದೆ ಎಂದ. ಸಂಜೆಗೆ ಅಪ್ಪ ಕಾಣಲಿಲ್ಲ. ಗೂಡು ಉರಿಯುತ್ತಿತ್ತು. ಎಲ್ಲರೂ ಅಪ್ಪನನ್ನು ಹುಡುಕುತ್ತಿದ್ದಾಗ ಅವಳು ಹಿತ್ತಲಿನ ಕಲ್ಲಿನ ಮೇಲೆ ಆ ಅಂಗಿ ಒಗೆಯುತ್ತಿದ್ದಳು.

"ಯಾಕೆ ಒಗೆದೆ ಅಂತ ಕೇಳಬೇಡಿ. ಕೈ ಒಗಿತಾ ಇತ್ತು ಅಷ್ಟೆ."

ಹೊರಗೆ ಅಗುಳಿ ಹಾಕಿದವನೂ ಅವನೇ ಎಂದು ಅವಳು ನಂಬಿದ್ದಳು. ಕೆಲಸಗಾರರ ಹಿಂದೆ ನ್ಯಾಯಾಲಯಕ್ಕೆ ಬರುತ್ತೇನೆಂದು ಹೇಳಿ ಕಾರ್ಖಾನೆಯಲ್ಲೇ ಉಳಿದಿದ್ದವನು ಅವನೊಬ್ಬ. ಒಂದು ಕಡೆ ಎತ್ತಿ ಬೆಳೆಸಿದ ಮಾವ, ಇನ್ನೊಂದು ಕಡೆ ತಾಳಿ ಕಟ್ಟಿದವನು ಎಂದಳು. ಯಾವ ಕಡೆ ಹೆಜ್ಜೆಯಿಟ್ಟರೂ ಅವಳಿಗೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಈ ಕೋಣೆಗೆ ಅವಳು ಇವತ್ತು ಬಂದದ್ದಲ್ಲ, ಅಂಗಿ ಒಗೆದ ದಿನವೇ ಬಂದದ್ದು.

ನಾನು ಸ್ವಲ್ಪ ಹೊತ್ತು ಅವಳ ತಲೆಯ ಮೇಲೆ ಕೈಯಿಟ್ಟು ಕುಳಿತೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದೆ.

"ಒಣ ಪುಡಿನೋ, ಹಸಿನೋ?"

"ಏನು?"

"ಅಂಗಿ ಮೇಲಿದ್ದದ್ದು."

"ಒಣದು. ಕೊಡವಿದ್ರೆ ಹೊಗೆ ಥರ ಏಳ್ತಿತ್ತು." ಅವಳು ನನ್ನನ್ನು ನೋಡಿದಳು. "ಅವರಿಗೆ ನೀರು ಚಿಮುಕಿಸೋ ಅಭ್ಯಾಸ ಎಲ್ಲಿದೆ ಅಮ್ಮ?"

"ಹಾಗಾದ್ರೆ ಭರಣಿ ತೆಗಿ," ಎಂದೆ. "ನಿನ್ನ ಗಂಡ ಪುಡಿಯ ಚೀಲ ಹೊತ್ತಿರಬಹುದು. ಆದ್ರೆ ಇದರೊಳಗೆ ಉರುಳ್ತಿರೋದು ಒಣ ಕೈಯಿಂದ ಆದದ್ದಲ್ಲ ಅಂತ ನನಗನ್ನಿಸ್ತಾ ಇದೆ."

ಅವಳು ತುಂಬ ಹೊತ್ತು ಮುದ್ರೆಯನ್ನೇ ನೋಡಿದಳು. ನಾನು ಅವಸರ ಮಾಡಲಿಲ್ಲ. ನ್ಯಾಯಾಲಯದ ಊಟದ ಬಿಡುವು ಎಲ್ಲಿಯವರೆಗೆ ಬಂದಿರಬಹುದೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಆದರೆ ತಂದೆಯ ಬೂದಿಯ ಮುಚ್ಚಳ ತೆಗೆಯುವ ಮಗಳಿಗೆ ಬೇಗ ಎಂದು ಹೇಳುವುದು ಹೇಗೆ? ಕೊನೆಗೆ ಅವಳು ಭರಣಿಯನ್ನು ಹಣೆಗೆ ಒತ್ತಿಕೊಂಡು, ತಪ್ಪಾಯ್ತಪ್ಪ ಎಂದು ತುಟಿಯಲ್ಲೇ ಹೇಳಿ, ಮಣ್ಣು ಕತ್ತರಿಸುವ ತಂತಿಯಿಂದ ಅರಗನ್ನು ಸುತ್ತಲೂ ಕೊಯ್ದಳು.

ಮುಚ್ಚಳ ಎತ್ತಿದಾಗ ಧೂಳು ಏಳಲಿಲ್ಲ.

ಭರಣಿಯನ್ನು ನನ್ನ ಸೆರಗಿನ ಮೇಲೆ ಮೆಲ್ಲಗೆ ಬಾಗಿಸಿದಳು. ಒಂದಿಷ್ಟು ಬಿಳಿ ಪುಡಿ ಜಾರಿತು. ಅದರ ಹಿಂದೆಯೇ ಉಂಡೆಗಳು ಬಂದವು. ಕೈಯಲ್ಲಿ ಹಿಡಿಯುವಷ್ಟು ದೊಡ್ಡವು, ಸೀಮೆಸುಣ್ಣದಂತೆ ಗಟ್ಟಿ, ಒಂದಕ್ಕೊಂದು ತಾಗಿದರೆ ಮಡಕೆಯ ಚೂರಿನ ಸದ್ದು. ಒಂದನ್ನು ಬೆಳಕಿಗೆ ಹಿಡಿದೆ.

ಒಂದು ಮಗ್ಗುಲಲ್ಲಿ ಹೆಬ್ಬೆರಳು ಒತ್ತಿದ ಗುಳಿ. ಇನ್ನೊಂದು ಮಗ್ಗುಲಲ್ಲಿ ಬೆರಳುಗಳ ತಗ್ಗು. ಯಾರೋ ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಇಳಿಸಿದ ಬೂದಿ.

ಅವಳಿಗೆ ವಿವರಿಸಬೇಕಾಗಿರಲಿಲ್ಲ, ಈ ಕೆಲಸದಲ್ಲೇ ಹುಟ್ಟಿದವಳು. ಆದರೂ ನನ್ನ ಕಿವಿಗೇ ಕೇಳಲಿ ಎಂದು ಹೇಳಿದೆ. ಸತ್ತ ಮನುಷ್ಯನ ಮೂಳೆ ಬೆಂಕಿಯಲ್ಲಿ ಬಿರಿದು ಚೂರಾಗುತ್ತದೆ, ಅದಕ್ಕೆ ಮುಷ್ಟಿಯ ಆಕಾರ ಬರುವುದಿಲ್ಲ. ಇದು ಪುಡಿ ಕೋಣೆಯ ಮೂಳೆ ಬೂದಿ, ಬಿಳಿ ಭರಣಿಯ ಮಣ್ಣಿಗೆ ಬೆರೆಸಲು ಚೀಲಗಟ್ಟಲೆ ತರುವ ದನದ ಮೂಳೆಯದು. ಬೆಂಕಿ ಕೊಡುವ ಮೊದಲೇ ಅದನ್ನು ತಂದು ಗೂಡಿನ ನೆಲದ ಮೇಲೆ ಗುಡ್ಡೆ ಹಾಕಿದ್ದಾರೆ. ಹಾಕಿದ ಕೈ ಮೊದಲು ನೀರು ಚಿಮುಕಿಸಿದೆ. ಸುಳ್ಳನ್ನು ಹರಡುವಾಗಲೂ ಆ ಕೈಗೆ ಧೂಳೆಬ್ಬಿಸುವುದು ಬರಲಿಲ್ಲ. ಒದ್ದೆ ಪುಡಿ ಮುಷ್ಟಿಯಲ್ಲಿ ಉಂಡೆಯಾಯಿತು, ಉಂಡೆ ಗೂಡಿನಲ್ಲಿ ಬೆಂದು ಕಲ್ಲಾಯಿತು. ಹೊರಗಿನವನು ಯಾರೇ ಆಗಿದ್ದರೂ ಚೀಲ ಸುರಿದು ಹೋಗುತ್ತಿದ್ದ. ಆಗ ನಮಗೆ ಏನೂ ಉಳಿಯುತ್ತಿರಲಿಲ್ಲ.

"ಗೂಡಿನೊಳಗೆ ಯಾರೂ ಸತ್ತಿಲ್ಲ ತಾಯಿ," ಎಂದೆ. "ಮಾವ ಕೂಗಿದ್ರೂ ಕೂಗದೇ ಇದ್ರೂ ಒಳಗೆ ಯಾರೂ ಇರ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಮಾವ ಉಳಿದರು, ಗಂಡ ಕೊಲೆಗಾರನಲ್ಲ. ಎದೆಯ ಮೇಲಿದ್ದ ಚಪ್ಪಡಿ ಒಮ್ಮೆಲೇ ಜರುಗಿದಂತೆ ಉಸಿರು ಬಿಟ್ಟಳು. ಎದ್ದು ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಗಂಡನನ್ನು ಕರೆದಳು, ರೀ ತೆಗೀರಿ, ನಿಮಗೇನೂ ಆಗಲ್ಲ, ಗೊತ್ತಾಯ್ತು ಎಲ್ಲಾ ಎಂದಳು. ಹೊರಗೆ ಒಂದು ಹೆಜ್ಜೆಯ ಸಪ್ಪಳವೂ ಇರಲಿಲ್ಲ.

ಕೈ ಕೆಂಪಾದ ಮೇಲೆ ತಿರುಗಿ ಬಂದು ಕುಳಿತಳು. ಉಂಡೆಯನ್ನು ಅವಳಿಗೆ ಕೊಟ್ಟು, ಹಿಡಿದು ನೋಡು ಎಂದೆ. ಈ ಮುಷ್ಟಿ ಯಾರದೆಂದು ತಿಳಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅವಳ ಬೆರಳು ಆ ತಗ್ಗು ತುಂಬಲಿಲ್ಲ. ದೊಡ್ಡ ಕೈ. ಅಗಲವಾದ ಹೆಬ್ಬೆರಳು. ತೋರುಬೆರಳು, ನಡುಬೆರಳು, ಕಿರುಬೆರಳು ಮೂರೂ ಆಳವಾಗಿ ಒತ್ತಿದ್ದವು. ಉಂಗುರ ಬೆರಳಿನ ಜಾಗ ಮಾತ್ರ ಉಬ್ಬಿಕೊಂಡಿತ್ತು. ಇನ್ನೊಂದು ಉಂಡೆ ನೋಡಿದೆವು. ಅದರಲ್ಲೂ ಹಾಗೆಯೇ. ಉಳಿದ ಬೆರಳುಗಳು ಮಡಚಿದಾಗ ಆ ಬೆರಳೊಂದೇ ಮಡಚಿಲ್ಲ.

"ನಿನ್ನ ಗಂಡನ ಬೆರಳು?"

ಅವಳು ತಲೆಯಾಡಿಸಿದಳು. ಅಲ್ಲ.

"ಮತ್ತೆ?"

ಅವಳು ಉಂಡೆಯನ್ನು ಸೆರಗಿನ ಮೇಲೆ ಇಟ್ಟಳು. ಬಹಳ ಜೋಪಾನವಾಗಿ, ಮಲಗಿದ ಮಗುವನ್ನು ಇಳಿಸುವ ಹಾಗೆ. ಮುಖದಲ್ಲಿ ಈಗಷ್ಟೇ ಬಂದಿದ್ದ ಬಣ್ಣವೆಲ್ಲ ಇಳಿದುಹೋಯಿತು. ಯಾರೆಂದು ಮತ್ತೆ ಕೇಳಿದೆ. ಅವಳ ನೋಟ ಕಿಂಡಿಯ ಕಡೆ ಹೋಗಿತ್ತು.

ಆಗ ನನಗೂ ಹೊಳೆಯಿತು. ಕೆಲಸಗಾರರೆಲ್ಲ ನ್ಯಾಯಾಲಯದಲ್ಲಿದ್ದಾರೆ. ಉಳಿದಿರುವ ಅಳಿಯನಿಗೆ ನೀರು ಚಿಮುಕಿಸುವ ಅಭ್ಯಾಸವಿಲ್ಲ. ಹಾಗಿದ್ದರೆ ನಾವು ಒಳಗೆ ಬಂದಾಗ ಕಿಂಡಿಯಾಚೆಯ ಪುಡಿ ಕೋಣೆಯಲ್ಲಿ, ಗುಡಿಸುವ ಮುಂಚೆ ನೆಲದ ಬೂದಿಗೆ ನೀರು ಹಾಕಿದವರು ಯಾರು? ಅಜ್ಜಿಯ ಒಲೆಯನ್ನು ನನಗೆ ನೆನಪಿಸಿದ್ದು ಯಾರ ಕೈ?

ನಾನು ಬೆರಳನ್ನು ತುಟಿಯ ಮೇಲಿಟ್ಟೆ. ಇಬ್ಬರೂ ಉಸಿರು ಹಿಡಿದು ಕೇಳಿದೆವು. ಕೊಳವೆಯೊಳಗೆ ಬಿಸಿ ಗಾಳಿ ಸುಯ್ಯೆನ್ನುತ್ತಿತ್ತು. ಹಸಿ ಭರಣಿಯೊಂದು ಒಣಗುತ್ತ ಸಣ್ಣಗೆ ಚಿಟಿಕೆ ಹೊಡೆದಂತೆ ಸದ್ದು ಮಾಡಿತು. ಆಮೇಲೆ ಕಿಂಡಿಯ ಮರದ ಬಾಗಿಲಿನಾಚೆ, ನಮ್ಮಿಂದ ಕೆಲವೇ ಹೆಜ್ಜೆ ದೂರದಲ್ಲಿ, ಯಾರೋ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟರು.

ಚಿಲಕ ಸರಿಯಿತು. ಕಿಂಡಿಯ ಬಾಗಿಲು ಅರ್ಧ ಮಾತ್ರ ತೆರೆಯಿತು. ಆಚೆ ಕತ್ತಲೆ, ಮುಖ ಕಾಣಲಿಲ್ಲ.

ಕಂಡದ್ದು ಕೈ. ಅತ್ತೆ ನ್ಯಾಯಾಲಯಕ್ಕೆ ಹೋಗುವ ಮುಂಚೆ ಮಾಡಿಟ್ಟಿದ್ದ ತರಕಾರಿಯ ಸೂಪು, ಈಗ ಮತ್ತೆ ಕಾಯಿಸಿದ್ದು, ಒಂದು ಹಿಡಿಕೆಯ ಮಣ್ಣಿನ ಪಾತ್ರೆಯಲ್ಲಿ ಹಬೆಯಾಡುತ್ತಿತ್ತು. ಪಕ್ಕದಲ್ಲಿ ಎರಡು ಚಮಚ. ಬ್ರೆಡ್ಡನ್ನು ಅಂಚು ತೆಗೆದು, ಸಣ್ಣಗೆ ಮುರಿದು, ಆಗಲೇ ಸೂಪಿನಲ್ಲಿ ನೆನೆಹಾಕಿತ್ತು. ನನ್ನ ಹಲ್ಲಿನ ಮಾತು ಈ ಕೋಣೆಯಿಂದ ಹೊರಗೆ ಹೋಗಿರಲಿಲ್ಲ.

ಹಿಡಿಕೆ ನಮ್ಮ ಕಡೆಗಿತ್ತು. ಸುಡುವ ಮಗ್ಗುಲನ್ನು ಆ ಕೈ ಬರಿಬೆರಳಲ್ಲೇ ಹಿಡಿದಿತ್ತು. ಅಗಲವಾದ ಹೆಬ್ಬೆರಳು. ಬೆರಳುಗಳೆಲ್ಲ ಪಾತ್ರೆಯನ್ನು ಬಳಸಿದ್ದವು, ಒಂದನ್ನು ಬಿಟ್ಟು. ಉಂಗುರ ಬೆರಳು ಕೋಲಿನಂತೆ ನೆಟ್ಟಗೆ ನಿಂತಿತ್ತು.

ಪಾತ್ರೆ ಕಿಂಡಿಯಂಚಿನ ಮೇಲೆ ಸದ್ದಿಲ್ಲದೆ ಮುಂದೆ ಬಂತು. ಕಾಯಿತು.

"ಅಪ್ಪಾ," ಎಂದಳು ಅಕ್ಕ. "ಮಾವ ಅಲ್ಲಿ ಒಪ್ಕೋತಾ ಇದ್ದಾರೆ."

ಸೂಪು ತುಳುಕಿ ಬೆರಳಿನ ಮೇಲೆ ಚೆಲ್ಲಿತು. ಕೈ ಹಿಂದೆ ಸರಿಯಲಿಲ್ಲ; ಬದುಕಿದ್ದೂ ಸತ್ತಂತೆ ಮಾಡಿದ್ದು ಯಾಕೆಂಬುದು ಮಾತ್ರ ಆ ಕತ್ತಲೆಯಲ್ಲೇ ಉಳಿಯಿತು.

ಅವಳು ಎದ್ದು ಹೋಗಿ ಕಿಂಡಿಯ ಮುಂದೆ ನಿಂತಳು. ಆ ಕೈಯನ್ನು ಮುಟ್ಟಲಿಲ್ಲ. ತನ್ನ ಕಡೆಗಿದ್ದ ಹಿಡಿಕೆಯನ್ನು ಹಿಡಿದು ಪಾತ್ರೆಯನ್ನಷ್ಟೇ ತೆಗೆದುಕೊಂಡಳು. ತಿರುಗಿ ಬಂದು, ಹಿಡಿಕೆಯನ್ನು ನನ್ನ ಕಡೆಗೆ ಮಾಡಿ, ಬಿಸಿ ಮಗ್ಗುಲನ್ನು ತಾನೇ ಹಿಡಿದು, ನನ್ನ ಕೈಗೆ ಕೊಟ್ಟಳು.